ವಾಟ್ಸ್ಆ್ಯಪ್ ಚಾಟ್ ಪಟ್ಟಿಯ ಹೊಸ ರೂಪ: ಬಹುಕಾಲದ ಬಳಕೆದಾರನ ಅಭಿಪ್ರಾಯ

ವಾಟ್ಸ್ಆ್ಯಪ್ ತೆರೆದಾಗ ಕೊನೆಗೆ ಬಂದ ಸಂದೇಶವೇ ಮೇಲೆ ಕಾಣುತ್ತದೆ. ನಾಲ್ಕಾರು ಜನರೊಡನೆ ಮಾತ್ರ ಮಾತುಕತೆ ಇರುವವರಿಗೆ ಈ ಕ್ರಮ ಸಾಕು. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ನಿವಾಸಿಗಳ ಸಂಘದ ಕೆಲಸ ನೋಡಿಕೊಳ್ಳುವ ನನ್ನಂಥವರಿಗೆ, ಶುಭೋದಯದ ಚಿತ್ರಗಳ ಕೆಳಗೆ ಎಲ್ಲೋ ಇರುವ ‘ಇವತ್ತು ಟ್ಯಾಂಕರ್ ಬರಲ್ಲ ಸರ್’ ಎಂಬ ಒಂದೇ ಸಾಲು ಉಳಿದೆಲ್ಲಕ್ಕಿಂತ ಮುಖ್ಯ. ಆದ್ದರಿಂದ ಈ ಪಟ್ಟಿಯಲ್ಲಿ ಆಗಿರುವ ಬದಲಾವಣೆಗಳನ್ನು ನಾನು ಒಂದೇ ಅಳತೆಗೋಲಿನಿಂದ ನೋಡುತ್ತೇನೆ: ಯಾವುದು ಮೊದಲು ಕಾಣಬೇಕೆಂಬ ತೀರ್ಮಾನ ಬಳಕೆದಾರನ ಕೈಗೆ ಎಷ್ಟರಮಟ್ಟಿಗೆ ಬಂದಿದೆ?

ಮೊದಲ ದೊಡ್ಡ ಸುಧಾರಣೆ 2021ರದ್ದು. ಅದಕ್ಕೂ ಮುಂಚೆ ಆರ್ಕೈವ್ ಮಾಡಿದ, ಅಂದರೆ ಮುಖ್ಯ ಪಟ್ಟಿಯಿಂದ ಪಕ್ಕಕ್ಕೆ ಸರಿಸಿಟ್ಟ, ಗ್ರೂಪ್‌ಗೆ ಹೊಸ ಸಂದೇಶ ಬಂದ ಕೂಡಲೇ ಅದು ಮುಖ್ಯ ಪಟ್ಟಿಗೆ ಮರಳುತ್ತಿತ್ತು. ಈಗ ಆರ್ಕೈವ್‌ನಲ್ಲಿಯೇ ಉಳಿಯುತ್ತದೆ. ಯಾರಾದರೂ ನಮ್ಮ ಹೆಸರು ಹಿಡಿದು ಕೇಳಿದರೆ ಅಥವಾ ನಮ್ಮ ಸಂದೇಶಕ್ಕೆ ಉತ್ತರಿಸಿದರೆ ಆರ್ಕೈವ್ ಸಾಲಿನ ಪಕ್ಕ @ ಗುರುತು ಮೂಡುವುದರಿಂದ, ಗ್ರೂಪ್ ಬಿಟ್ಟು ಯಾರ ಮನಸ್ಸನ್ನೂ ನೋಯಿಸದೆ ಗದ್ದಲದಿಂದ ದೂರವಿರಬಹುದು.

ಬೇಕಾದ ಬಗೆಯ ಚಾಟ್‌ಗಳನ್ನಷ್ಟೇ ತೋರಿಸುವ, 2024ರ ಏಪ್ರಿಲ್‌ನಲ್ಲಿ ಬಂದ ಫಿಲ್ಟರ್‌ಗಳಲ್ಲಿ ನನಗೆ ಅತ್ಯಂತ ಉಪಯುಕ್ತವಾಗಿರುವುದು ‘ಅನ್‌ರೀಡ್’. ತೆರೆಯದ ಚಾಟ್‌ಗಳನ್ನಷ್ಟೇ ಅಲ್ಲ, ನಾವೇ ಓದಿಲ್ಲವೆಂದು ಗುರುತು ಮಾಡಿದವುಗಳನ್ನೂ ಅದು ತೋರಿಸುತ್ತದೆ. ಲಿಫ್ಟ್ ರಿಪೇರಿಯ ಅಂದಾಜು ಪಟ್ಟಿ ಬಂದಾಗ ಓದುತ್ತೇನೆ, ಸಮಿತಿಯವರನ್ನು ಕೇಳದೆ ಉತ್ತರ ಕೊಡುವಂತಿಲ್ಲ. ಆ ಚಾಟನ್ನು ಒತ್ತಿ ಹಿಡಿದು ಓದಿಲ್ಲವೆಂದು ಗುರುತು ಹಾಕುತ್ತೇನೆ. ಕಳುಹಿಸಿದವರಿಗೆ ಕಾಣುವ ನೀಲಿ ಗೆರೆಗಳು ಇದರಿಂದ ಬದಲಾಗುವುದಿಲ್ಲ. ಸಂಜೆ ಫಿಲ್ಟರ್ ಒತ್ತಿದರೆ ಬಾಕಿ ಇರುವ ಕೆಲಸವೆಲ್ಲ ಒಂದೇ ಕಡೆ ಸಿಗುತ್ತದೆ. ಹೊಸದೇನನ್ನೂ ಕಲಿಸದೆ, ಇದ್ದ ಎರಡು ಸೌಲಭ್ಯಗಳನ್ನು ಸೇರಿಸಿಯೇ ಇಷ್ಟು ಅನುಕೂಲ ಮಾಡಿಕೊಟ್ಟಿರುವುದು ನಿಜಕ್ಕೂ ಒಳ್ಳೆಯ ವಿನ್ಯಾಸ.

ಅದೇ ವರ್ಷದ ಕೊನೆಯಲ್ಲಿ ನಾವೇ ಹೆಸರಿಡಬಹುದಾದ ಲಿಸ್ಟ್‌ಗಳು ಬಂದವು. ಪ್ಲಂಬರ್, ಎಲೆಕ್ಟ್ರಿಷಿಯನ್, ಟ್ಯಾಂಕರ್‌ನವರನ್ನು ‘ಕೆಲಸ’ ಎಂಬ ಲಿಸ್ಟ್‌ಗೂ, ಊರಿನ ಬಂಧುಗಳನ್ನು ಇನ್ನೊಂದಕ್ಕೂ ಸೇರಿಸಿದ್ದೇನೆ. ವ್ಯಕ್ತಿಗಳನ್ನೂ ಗ್ರೂಪ್‌ಗಳನ್ನೂ ಒಟ್ಟಿಗೆ ಇಡಬಹುದು. ಆದರೆ ಲಿಸ್ಟ್‌ಗೆ ಸೇರಿದ ಚಾಟ್ ಮುಖ್ಯ ಪಟ್ಟಿಯಲ್ಲೂ ಹಾಗೆಯೇ ಇರುವುದರಿಂದ ಅಲ್ಲಿನ ದಟ್ಟಣೆ ಇದರಿಂದ ಕಡಿಮೆಯಾಗುವುದಿಲ್ಲ. ಕಳುಹಿಸದೆ ಬಿಟ್ಟ ಉತ್ತರದ ಮೇಲೆ ಹಸಿರು ಬಣ್ಣದಲ್ಲಿ ‘ಡ್ರಾಫ್ಟ್’ ಎಂದು ತೋರಿಸುವುದು ಚಿಕ್ಕ ಸಂಗತಿಯಾದರೂ ತುಂಬಾ ಉಪಕಾರಿ. ಆಂಡ್ರಾಯ್ಡ್‌ನಲ್ಲಿ ಟ್ಯಾಬ್‌ಗಳನ್ನು ಕೆಳಕ್ಕೆ ಇಳಿಸಿದ್ದು ಒಂದೇ ಕೈಯಲ್ಲಿ ಫೋನ್ ಹಿಡಿಯುವವರಿಗೆ ಹಿತ.

ಮೂರು ಚಾಟ್‌ಗಳನ್ನು ಮಾತ್ರ ಪಿನ್ ಮಾಡಬಹುದು, ಅಂದರೆ ಸದಾ ಪಟ್ಟಿಯ ಮೇಲ್ಗಡೆ ಇರಿಸಿಕೊಳ್ಳಬಹುದು ಎಂಬ 2017ರ ಮಿತಿ ಇಂದಿನ ಬಳಕೆಗೆ ತೀರಾ ಕಡಿಮೆ. ಲಿಸ್ಟ್‌ಗಳಿಗೆ ಒಬ್ಬೊಬ್ಬರನ್ನೇ ಆರಿಸಿ ಸೇರಿಸುವ ಶ್ರಮ ಹಿರಿಯರಿಗೆ ಹೆಚ್ಚೇ. ಮನೆಯ ಕಿರಿಯರು ಒಮ್ಮೆ ಕುಳಿತು ಮಾಡಿಕೊಟ್ಟರೆ ಒಳ್ಳೆಯದು. ಹೊಸದಾಗಿ ಹೊಂದಿಸಿಕೊಳ್ಳುವವರು ಮೊದಲು ಗದ್ದಲದ ಗ್ರೂಪ್‌ಗಳನ್ನು ಆರ್ಕೈವ್ ಮಾಡಿ, ಕೆಲವು ದಿನ ‘ಅನ್‌ರೀಡ್’ ಒಂದನ್ನೇ ಬಳಸಿ ನೋಡಲಿ. ಅಷ್ಟರಲ್ಲೇ ಅನೇಕರಿಗೆ ಲಿಸ್ಟ್‌ಗಳ ಅಗತ್ಯವೇ ಬೀಳದಿರಬಹುದು.