37 ಹೊಡೆದವನ ತಂಡ ಸೋತದ್ದೇಕೆ? ಕಾಲೇಜು ಬ್ಯಾಸ್ಕೆಟ್‌ಬಾಲ್ ಲೆಕ್ಕ ತೋರಿಸುವ ತಾಣಗಳ ವಿಮರ್ಶೆ

2024ರ ಏಪ್ರಿಲ್ 8ರ ರಾತ್ರಿ ಅರಿಜೋನಾದ ಗ್ಲೆಂಡೇಲ್‌ನಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ) ಪುರುಷರ ಬ್ಯಾಸ್ಕೆಟ್‌ಬಾಲ್ ಫೈನಲ್. ನಮ್ಮಲ್ಲಿ ಆಗ ಯುಗಾದಿಯ ಬೆಳಗು. ಕನೆಕ್ಟಿಕಟ್, ಅಂದರೆ ಎಲ್ಲರ ಬಾಯಲ್ಲಿರುವ ಯುಕಾನ್, 75–60ರಲ್ಲಿ ಪರ್ಡ್ಯೂ ತಂಡವನ್ನು ಸೋಲಿಸಿತು. ಪರ್ಡ್ಯೂದ ಏಳಡಿ ನಾಲ್ಕಿಂಚಿನ ಜ್ಯಾಕ್ ಈಡಿ ಒಬ್ಬನದೇ 37 ಅಂಕ, 10 ರೀಬೌಂಡ್ (ತಪ್ಪಿದ ಹೊಡೆತದ ಚೆಂಡು ಹಿಡಿದದ್ದು). ಗೆದ್ದವರಲ್ಲಿ ಅತಿ ಹೆಚ್ಚೆಂದರೆ ಟ್ರಿಸ್ಟನ್ ನ್ಯೂಟನ್‌ನ 20. ಅಂಕಿಅಂಶದ ತಾಣವನ್ನು ಒರೆಗೆ ಹಚ್ಚಲು ಇಂಥ ಪಂದ್ಯವೇ ಸರಿ. 37 ಹೊಡೆದವನ ತಂಡ 15 ಅಂಕದಿಂದ ಸೋತದ್ದೇಕೆ ಎಂಬುದಕ್ಕೆ ಉತ್ತರ ಎಷ್ಟು ಬೇಗ ಸಿಗುತ್ತದೆ, ನೋಡೋಣ.

ಒಂದೇ ಪಂದ್ಯದ ಲೆಕ್ಕ ಬೇಕಿದ್ದರೆ ಸ್ಪೋರ್ಟ್ಸ್ ರೆಫರೆನ್ಸ್‌ನ ಕಾಲೇಜು ವಿಭಾಗವೇ ಸಾಕು. ಜಾಹೀರಾತು ಸಹಿಸಿಕೊಂಡರೆ ಪುಕ್ಕಟೆ. ಪ್ರತಿ ತಂಡಕ್ಕೆ ಎರಡು ಕೋಷ್ಟಕ: ಮೊದಲನೆಯದರಲ್ಲಿ ಹೊಡೆತ, ರೀಬೌಂಡ್, ಅಸಿಸ್ಟ್ (ಗೋಲಿಗೆ ದಾರಿಮಾಡಿದ ಪಾಸ್), ಫೌಲ್, ಎರಡನೆಯದರಲ್ಲಿ ಶೇಕಡಾವಾರು ಲೆಕ್ಕ. ಹೊಡೆತಗಳ ಸಾಲು ನೋಡಿದರೆ ಅರ್ಧ ಉತ್ತರ ಅಲ್ಲೇ ಇದೆ. ಈಡಿ 25ರಲ್ಲಿ 15 ಹಾಕಿದ. ಇಡೀ ಪರ್ಡ್ಯೂ 54ರಲ್ಲಿ 24. ಕಳೆದು ನೋಡಿ: ಉಳಿದವರೆಲ್ಲ ಸೇರಿ 29ರಲ್ಲಿ 9, ಶೇ. 31. ತ್ರೀ ಪಾಯಿಂಟರ್, ಅಂದರೆ ದೂರದ ಗೆರೆಯಾಚೆಯಿಂದ ಹೊಡೆಯುವ ಮೂರಂಕದ ಹೊಡೆತ, ಏಳೇ ಏಳು ಪ್ರಯತ್ನ, ಬಿದ್ದದ್ದು ಒಂದು. ಆ ಋತುವಿನಲ್ಲಿ ಪಂದ್ಯಕ್ಕೆ ಇಪ್ಪತ್ತರ ಆಸುಪಾಸು ತ್ರೀ ಎಸೆಯುತ್ತಿದ್ದ ತಂಡ ಅದು. ಈಡಿಯ ಮೇಲೆ ಇಬ್ಬರನ್ನು ಬಿಡದೆ, ಹೊರಗಿನ ಶೂಟರ್‌ಗಳಿಗೆ ಅಂಟಿಕೊಂಡು ನಿಂತದ್ದೇ ಯುಕಾನ್‌ನ ಉಪಾಯ. ಅವನ 37 ಅಂಕ ಅವರು ಗೊತ್ತಿದ್ದೂ ತೆತ್ತ ಬೆಲೆ.

ಎರಡನೇ ಕೋಷ್ಟಕದಲ್ಲಿ ಮೊದಲು ನೋಡಬೇಕಾದದ್ದು ಎಫೆಕ್ಟಿವ್ ಫೀಲ್ಡ್ ಗೋಲ್. ಹಾಕಿದ ಗೋಲುಗಳಿಗೆ ತ್ರೀಗಳ ಅರ್ಧ ಸೇರಿಸಿ, ಒಟ್ಟು ಪ್ರಯತ್ನದಿಂದ ಭಾಗಿಸುವುದು. ಯುಕಾನ್ 62ರಲ್ಲಿ 30, ಅದರಲ್ಲಿ ತ್ರೀ 6: ಶೇ. 53.2. ಪರ್ಡ್ಯೂ ಶೇ. 45.4. ಬರೀ ಫೀಲ್ಡ್ ಗೋಲ್ ಶೇಕಡಾವಾರಿನಲ್ಲಿ 48.4ಕ್ಕೆ 44.4, ನಾಲ್ಕೇ ಅಂಕದ ಅಂತರ. ಇಲ್ಲಿ ಅದು ಹತ್ತಿರ ಹತ್ತಿರ ಎಂಟು.

ಎಡವುವ ಜಾಗಗಳೂ ಇವೆ. ಆಟಗಾರರ ರೀಬೌಂಡ್ ಕೂಡಿಸಿದರೆ ತಂಡದ ಮೊತ್ತಕ್ಕೆ ಹೊಂದದೆ ಹೋಗಬಹುದು. ತಾಣ ತಪ್ಪಿದೆ ಅಂದುಕೊಳ್ಳಬೇಡಿ. ತಪ್ಪಿದ ಹೊಡೆತ ಯಾರ ಕೈಗೂ ಸಿಗದೆ ಗೆರೆ ದಾಟಿದರೆ ಆ ರೀಬೌಂಡ್ ತಂಡದ ಖಾತೆಗೆ ಹೋಗುತ್ತದೆ. ಶಾಟ್ ಕ್ಲಾಕ್ (ಹೊಡೆಯಲು ಕೊಟ್ಟ ಸಮಯ) ಮುಗಿದಾಗಿನ ಟರ್ನೋವರ್ (ಹೊಡೆಯದೆಯೇ ಚೆಂಡು ಕಳೆದುಕೊಳ್ಳುವುದು) ಕೂಡ ಹಾಗೆಯೇ. ಹೊಡೆಯುವಾಗ ಫೌಲ್ ಆಗಿ ಚೆಂಡು ಬೀಳದಿದ್ದರೆ ಅದು ಪ್ರಯತ್ನವೆಂದೇ ಲೆಕ್ಕವಿಲ್ಲ. ಅಸಿಸ್ಟ್ ಮಾತ್ರ ಲೆಕ್ಕ ಬರೆಯುವವರ ಕಣ್ಣಳತೆ. ತವರು ಅಂಗಳದ ಸ್ಕೋರರ್ ಸ್ವಲ್ಪ ಧಾರಾಳಿ ಇರಬಹುದು, ಆದ್ದರಿಂದ ಒಂದೆರಡು ಅಸಿಸ್ಟ್ ವ್ಯತ್ಯಾಸಕ್ಕೆ ಜಗಳ ಬೇಡ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಸೂತ್ರ ತಂದು ಕಾಲೇಜಿಗೆ ಅಂಟಿಸುವುದು ಇನ್ನೊಂದು ತಪ್ಪು. ಪೊಸೆಷನ್ (ತಂಡದ ಕೈಗೆ ಚೆಂಡು ಬಂದ ಸರದಿ) ಅಂದಾಜಿಗೆ ಪ್ರಯತ್ನಗಳಿಂದ ಆಕ್ರಮಣದ ರೀಬೌಂಡ್ (ತಮ್ಮದೇ ತಪ್ಪಿದ ಹೊಡೆತ ಹಿಡಿದದ್ದು) ಕಳೆದು, ಟರ್ನೋವರ್ ಕೂಡಿಸಿ, ಫ್ರೀ ಥ್ರೋಗಳ (ಫೌಲ್‌ಗೆ ಸಿಗುವ ತಡೆಯಿಲ್ಲದ ಎಸೆತ) ಒಂದು ಪಾಲು ಸೇರಿಸಬೇಕು. ಆ ಪಾಲು ಎನ್‌ಬಿಎಯಲ್ಲಿ 0.44, ಕಾಲೇಜಿನಲ್ಲಿ 0.475. ಕಾಲೇಜು ಆಟದಲ್ಲಿ ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು ಸಿಗುವ ಫ್ರೀ ಥ್ರೋ ಇರುವುದೂ ಇದಕ್ಕೆ ಕಾರಣ. ಉದಾಹರಣೆಗೆ 60 ಪ್ರಯತ್ನ, 10 ಆಕ್ರಮಣದ ರೀಬೌಂಡ್, 12 ಟರ್ನೋವರ್, 20 ಫ್ರೀ ಥ್ರೋ ಇದ್ದರೆ 71.5 ಪೊಸೆಷನ್. 0.44 ಹಾಕಿದರೆ 70.8. ಸಣ್ಣದೆನಿಸಿದರೂ 75 ಅಂಕ ಗಳಿಸಿದ ತಂಡದ ನೂರು ಪೊಸೆಷನ್ನಿನ ಲೆಕ್ಕ 104.9ರಿಂದ 105.9ಕ್ಕೆ ಜಿಗಿಯುತ್ತದೆ.

ಇನ್ನು ಕೆನ್‌ಪಾಮ್. ಕೆನ್ ಪಾಮರಾಯ್ ನಡೆಸುವ ತಾಣ, ವರ್ಷಕ್ಕೆ ಸುಮಾರು 25 ಡಾಲರ್ ಚಂದಾ. ಶ್ರೇಯಾಂಕದ ಮುಖಪುಟ ಮಾತ್ರ ಬಿಟ್ಟಿ. ಇಲ್ಲಿನ ಸತ್ವ ಎದುರಾಳಿಗೆ ತಕ್ಕಂತೆ ಹೊಂದಿಸಿದ ದಕ್ಷತೆ: ಸರಾಸರಿ ತಂಡದ ಎದುರು ನೂರು ಪೊಸೆಷನ್ನಿಗೆ ಎಷ್ಟು ಗಳಿಸುತ್ತದೆ, ಎಷ್ಟು ಬಿಟ್ಟುಕೊಡುತ್ತದೆ. ಚಂದಾ ಹಣ ವಸೂಲಾಗುವುದು ‘ಗೇಮ್ ಪ್ಲ್ಯಾನ್’ ಪುಟದಲ್ಲಿ. ತಂಡದ ಪ್ರತಿ ಪಂದ್ಯಕ್ಕೂ ಹೊಡೆತದ ಗುಣಮಟ್ಟ, ಟರ್ನೋವರ್, ಆಕ್ರಮಣದ ರೀಬೌಂಡ್, ಫ್ರೀ ಥ್ರೋ ಪ್ರಮಾಣ, ಈ ನಾಲ್ಕೂ ಎರಡೂ ಕಡೆಯಿಂದ ಒಂದೇ ಸಾಲಿನಲ್ಲಿವೆ. ಯಾವ ಪಂದ್ಯದಲ್ಲಿ ಯಾವ ಕಾಲು ಕುಸಿಯಿತು ಎಂದು ಕಣ್ಣಾಡಿಸಿದರೆ ಸಾಕು. ‘ಲಕ್’ ಅಂಕಣ ನೋಡಿ ಮೋಸಹೋಗಬೇಡಿ. ದಕ್ಷತೆಯ ಪ್ರಕಾರ ಬರಬೇಕಿದ್ದ ಗೆಲುವಿಗೂ ನಿಜವಾದ ಗೆಲುವಿಗೂ ಇರುವ ವ್ಯತ್ಯಾಸ ಅದು, ಭವಿಷ್ಯವಾಣಿಯಲ್ಲ. ಋತುವಿನ ಆರಂಭದ ವಾರಗಳಲ್ಲಿ ಶ್ರೇಯಾಂಕದಲ್ಲಿ ಮುನ್ನಂದಾಜಿನ ಪಾಲೂ ಬೆರೆತಿರುತ್ತದೆ; ನವೆಂಬರ್‌ನಲ್ಲಿ ಅದನ್ನಿಟ್ಟುಕೊಂಡು ವಾದಕ್ಕಿಳಿಯುವುದು ಬೇಡ.

ಬಾರ್ಟ್ ಟಾರ್ವಿಕ್‌ನ ತಾಣ ಪುಕ್ಕಟೆ, ನೋಡಲು ಬರಡು, ಒಳಗೆ ಗಟ್ಟಿ. ದಿನಾಂಕ, ಅಂಗಳ, ಎದುರಾಳಿಯ ಮಟ್ಟ, ಹೀಗೆ ಬೇಕಾದಂತೆ ಸೋಸಬಹುದು. ‘ಜನವರಿ ನಂತರ, ತವರಿನಾಚೆ, ಬಲಾಢ್ಯರ ಎದುರು ಮಾತ್ರ’ ಎಂದು ಕೇಳಿದರೆ ಪಟ್ಟಿ ತಕ್ಷಣ ಮರುಜೋಡಣೆಯಾಗುತ್ತದೆ. ಆಟಗಾರರನ್ನು ಹುಡುಕಲು ಇದರಷ್ಟು ಅನುಕೂಲದ ತಾಣ ಬಿಟ್ಟಿಯಾಗಿ ಬೇರೆ ಇಲ್ಲ ಎಂದೇ ಹೇಳಬಹುದು. ಆದರೆ ಸೋಸುವಿಕೆ ಬಿಗಿಯಾದಷ್ಟೂ ಉಳಿಯುವ ಪಂದ್ಯಗಳು ನಾಲ್ಕೈದೇ. ಆಗ ಒಬ್ಬ ಶೂಟರ್‌ನ ಒಂದು ಒಳ್ಳೆಯ ರಾತ್ರಿ ಇಡೀ ಸಾಲನ್ನು ಎತ್ತಿಬಿಡುತ್ತದೆ. ಮೊಬೈಲ್‌ನಲ್ಲಿ ಅಕ್ಷರ ಇರುವೆಯಷ್ಟು. ಫೋನು ಅಡ್ಡ ಹಿಡಿದೇ ಓದಬೇಕು.

2018–19ರಿಂದ ಬಂದಿರುವ ಎನ್‌ಸಿಎಎಯ ನೆಟ್ ಶ್ರೇಯಾಂಕ ಟೂರ್ನಿಗೆ ತಂಡ ಆರಿಸುವವರ ಸಾಧನ. ಆಟಗಾರನ ಬಗ್ಗೆ ಅದರಲ್ಲಿ ಒಂದಕ್ಷರವೂ ಸಿಗದು.

ಎಕ್ಸೆಲ್‌ಗೆ ಇಳಿಸುವವರಿಗೆ ಒಂದು ಮಾತು. ಸ್ಪೋರ್ಟ್ಸ್ ರೆಫರೆನ್ಸ್‌ನಲ್ಲಿ ಹಾಕಿದ್ದು, ಪ್ರಯತ್ನ ಬೇರೆ ಬೇರೆ ಅಂಕಣ, ತೊಂದರೆಯಿಲ್ಲ. ಟಿವಿ ವಾಹಿನಿಗಳ ಬಾಕ್ಸ್ ಸ್ಕೋರ್‌ನಲ್ಲಿ ಎರಡೂ ಒಂದೇ ಮನೆಯಲ್ಲಿ, ನಡುವೆ ಅಡ್ಡಗೆರೆ. ಹಾಗೇ ಅಂಟಿಸಿದರೆ ಈಡಿಯ 7-10 ಫ್ರೀ ಥ್ರೋ ಅಕ್ಟೋಬರ್ 7 ಆಗಿ ಕೂರುತ್ತದೆ, ಪರ್ಡ್ಯೂದ 1-7 ಜುಲೈ 1 ಆಗುತ್ತದೆ. 15-25 ಮಾತ್ರ ಹಾಗೇ ಉಳಿಯುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಅಂಟಿಸುವ ಮೊದಲೇ ಅಂಕಣವನ್ನು ‘ಟೆಕ್ಸ್ಟ್’ಗೆ ಬದಲಿಸಿಡಿ, ಒಮ್ಮೆ ದಿನಾಂಕವಾದ ಮೇಲೆ ಬದಲಿಸಿದರೆ ಐದಂಕಿಯ ಯಾವುದೋ ಸಂಖ್ಯೆ ಬರುತ್ತದೆ.