ಸಾಂಟಾ ನೋಡೋಕೆ ಎಲ್ಲಿಗೆ? ಮಾಲ್, ಗಾರ್ಡನ್ ಸೆಂಟರ್, ಉಗಿಬಂಡಿ, ಇಲ್ಲಾ ನಮ್ಮ ಬೀದಿ

ಮೊದಲೇ ಹೇಳಿಬಿಡುತ್ತೇನೆ. ಮೂರು ಡಿಸೆಂಬರ್‌ಗಳಲ್ಲಿ ನಾಲ್ಕು ಥರದ ಸಾಂಟಾ ನೋಡಿದ್ದೇವೆ. ಅದರಲ್ಲಿ ನನಗೆ ಇಷ್ಟವಾದವನು ಟಿಕೆಟ್ ಇಲ್ಲದೆ ಸಿಕ್ಕವನು. ಜಿಪುಣಿ ಅಂದುಕೊಂಡರೆ ಅಂದುಕೊಳ್ಳಿ. ಆದರೆ ವಿಷಯ ಬರೀ ದುಡ್ಡಿನದಲ್ಲ.

ನಾವಿರುವುದು ಇಂಗ್ಲೆಂಡಿನ ರೆಡಿಂಗ್ ಹತ್ತಿರ. ನನ್ನ ತವರು ಸಾಗರ, ನಮ್ಮನೆಯವರದು ಮೈಸೂರು. ಮಗಳಿಗೆ ಈಗ ಏಳು, ಮಗನಿಗೆ ನಾಲ್ಕು. ಮನೆಯಲ್ಲಿ ಕ್ರಿಸ್‌ಮಸ್ ಮಾಡುವವರಲ್ಲ. ಆದರೆ ಇಲ್ಲಿ ಮಗು ಶಾಲೆಗೆ ಸೇರಿತು ಅಂದರೆ ಮುಗಿಯಿತು. ಡಿಸೆಂಬರ್ ಬಂದರೆ ಸೋಮವಾರ ಬೆಳಿಗ್ಗೆ ಕ್ಲಾಸಿನಲ್ಲಿ ಒಂದೇ ಮಾತು, ಯಾರು ಎಲ್ಲಿ ಸಾಂಟಾ ನೋಡಿದರು ಅಂತ. ನಮ್ಮವಳೊಬ್ಬಳೇ ಬಾಯಿ ಮುಚ್ಚಿಕೊಂಡು ಕೂರಬೇಕಾ?

ಇಲ್ಲಿ ಸಾಂಟಾ ಕೂರುವ ಜಾಗಕ್ಕೆ ಗ್ರಾಟೊ ಅನ್ನುತ್ತಾರೆ. ಗುಹೆ ಅಂತ ಅರ್ಥ. ದೊಡ್ಡ ಅಂಗಡಿಯೊಳಗೆ ಹೀಗೆ ಸಾಂಟಾನನ್ನು ಕೂರಿಸುವ ರೂಢಿ 1879ರಲ್ಲಿ ಲಿವರ್‌ಪೂಲಿನ ಲೂಯಿಸ್ ಎಂಬ ಅಂಗಡಿಯಲ್ಲಿ ಶುರುವಾಯಿತು ಎನ್ನುತ್ತಾರೆ. ಅಂದರೆ ಇದು ಹುಟ್ಟಿನಿಂದಲೇ ವ್ಯಾಪಾರದ ವಿಷಯ. ಸಾಂಟಾನನ್ನು ನೋಡಿ ಹೊರಗೆ ಬರುವ ದಾರಿ ಯಾವಾಗಲೂ ಆಟಿಕೆ ಸಾಲಿನ ನಡುವೆಯೇ ಯಾಕೆ ಇರುತ್ತದೆ ಅಂತ ನನಗೆ ಆಮೇಲೆ ಅರ್ಥವಾಯಿತು.

ಮೊದಲ ವರ್ಷ, 2022ರಲ್ಲಿ, ಮಾಲ್‌ಗೆ ಹೋದೆವು. ಅದರ ಬಗ್ಗೆ ಜಾಸ್ತಿ ಹೇಳುವಂಥದ್ದೇನಿಲ್ಲ. ಒಂದು ಮಗುವಿಗೆ 8 ಪೌಂಡ್. ಮಗನಿಗೆ ಆಗ ಒಂದು ವರ್ಷ ದಾಟಿತ್ತು ಅಷ್ಟೇ. ಗಡ್ಡ ಕಂಡ ತಕ್ಷಣ ಕಿರುಚಲು ಶುರು ಮಾಡಿದ. ನಮ್ಮ ಕಡೆ ಕೃಷ್ಣಾಷ್ಟಮಿಗೆ ಕೃಷ್ಣವೇಷ ಹಾಕಿಸಿ ವೇದಿಕೆ ಮೇಲೆ ಕೂರಿಸಿದ ಕೂಸುಗಳು ಬೆಣ್ಣೆ ಗಡಿಗೆ ಬಿಸಾಕಿ ಅಳುತ್ತವಲ್ಲ, ಹಾಗೆ. ನಮ್ಮ ಫೋನಿನಲ್ಲಿ ಫೋಟೊ ತೆಗೆಯುವಂತಿಲ್ಲ, ಅವರೇ ತೆಗೆದದ್ದಕ್ಕೆ ಬೇರೆ 10 ಪೌಂಡ್. ಆ ಫೋಟೊದಲ್ಲಿ ಮಗ ಅಳುತ್ತಿದ್ದಾನೆ, ನಾನು ಅವನನ್ನು ನೋಡುತ್ತಿದ್ದೇನೆ, ಮಗಳು ಸಾಂಟಾನ ಬೂಟು ನೋಡುತ್ತಿದ್ದಾಳೆ. ದುಡ್ಡು ಕೊಟ್ಟು ತಂದೆವು.

ಮರುವರ್ಷ ಗಾರ್ಡನ್ ಸೆಂಟರ್. ಊರಲ್ಲಿರುವವರಿಗೆ ಇದು ವಿಚಿತ್ರ ಅನಿಸಬಹುದು. ಗಿಡ ಮಾರುವ ನರ್ಸರಿಗೂ ಸಾಂಟಾಗೂ ಏನು ಸಂಬಂಧ? ಇಲ್ಲಿ ಚಳಿಗಾಲದಲ್ಲಿ ಗಿಡ ಕೊಳ್ಳುವವರು ಕಡಿಮೆ. ಅದಕ್ಕೇ ನವೆಂಬರ್ ಬರುವಷ್ಟರಲ್ಲಿ ಕುಂಡಗಳಿದ್ದ ಜಾಗದಲ್ಲಿ ಕ್ರಿಸ್‌ಮಸ್ ಮರ, ದೀಪದ ಸರ, ಗಾಜಿನ ಗುಂಡು ತುಂಬಿಬಿಡುತ್ತವೆ. ಜೊತೆಗೆ ಒಂದು ಗ್ರಾಟೊ. ಜಾಗ ದೊಡ್ಡದು, ಅಲಂಕಾರ ಚೆನ್ನಾಗಿರುತ್ತದೆ, ಪಾರ್ಕಿಂಗ್ ಪುಕ್ಕಟೆ. ಒಂದು ಮಗುವಿಗೆ 15 ಪೌಂಡ್ ಕೊಟ್ಟೆವು. ಅಪ್ಪ ಅಮ್ಮನಿಗೂ ತಲಾ 3 ಪೌಂಡ್. ನಮಗೆ ಯಾಕೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ.

ನಮ್ಮ ಸ್ಲಾಟ್ 2 ಗಂಟೆ 20 ನಿಮಿಷಕ್ಕೆ. ಮೊಬೈಲ್‌ಗೆ ಬಂದ ಸಂದೇಶದಲ್ಲಿ ಹತ್ತು ನಿಮಿಷ ಮುಂಚೆ ಬನ್ನಿ, ತಡವಾದರೆ ಒಳಗೆ ಬಿಡುವುದಿಲ್ಲ ಅಂತ ಇತ್ತು. ನಾವು 2 ಗಂಟೆಗೇ ಹೋದೆವು. ಅಲ್ಲಿ 1 ಗಂಟೆ 40ರ ಸ್ಲಾಟಿನವರೇ ಇನ್ನೂ ನಿಂತಿದ್ದರು. ತಡ ಮಾಡಬಾರದು ಅನ್ನುವ ನಿಯಮ ನಮಗೆ ಮಾತ್ರ, ಸಾಂಟಾಗಲ್ಲ.

ಕ್ಯೂ ಇದ್ದದ್ದು ಒಂದು ಟೆಂಟಿನೊಳಗೆ. ಹೊರಗೆ 3 ಡಿಗ್ರಿ ಚಳಿ. ಅದಕ್ಕೆಂದು ಮಗನಿಗೆ ಕಾಲಿನಿಂದ ಕತ್ತಿನವರೆಗೆ ಒಂದೇ ಜಿಪ್ ಇರುವ ದಪ್ಪ ಸೂಟ್ ಹಾಕಿದ್ದೆ. ಅದರೊಳಗೆ ಸ್ವೆಟರ್, ಅದರೊಳಗೆ ಅಂಗಿ, ಕೆಳಗೆ ಎರಡು ಪ್ಯಾಂಟು. ಟೆಂಟಿನೊಳಗೆ ನಾಲ್ಕು ಹೀಟರ್. ಹತ್ತು ನಿಮಿಷದಲ್ಲಿ ಎಲ್ಲರ ಮುಖ ಕೆಂಪು. ಬಿಚ್ಚೋಣ ಅಂದರೆ ಬಿಚ್ಚಿದ್ದನ್ನೆಲ್ಲ ಹಿಡಿದುಕೊಳ್ಳಲು ಕೈ ಬೇಕಲ್ಲ? ತಳ್ಳುಗಾಡಿಯನ್ನು ಬಾಗಿಲಲ್ಲೇ ಬಿಡಿಸಿದ್ದರು. ಹಗ್ಗ ಕಟ್ಟಿದ ದಾರಿ ಹಾವಿನ ಹಾಗೆ ತಿರುಗಿ ತಿರುಗಿ ಹೋಗುತ್ತಿತ್ತು. ಅಕ್ಕಪಕ್ಕ ಹತ್ತಿಯ ಹಿಮ, ತಲೆ ಆಡಿಸುವ ಪ್ಲಾಸ್ಟಿಕ್ ಕರಡಿ. ಮೊದಲ ಸಲ ಕರಡಿ ನೋಡಿದಾಗ ಮಕ್ಕಳು ಕುಣಿದರು. ಅದೇ ಕರಡಿ ಐದನೇ ಸಲ ಸಿಕ್ಕಾಗ ಯಾರೂ ತಲೆ ಎತ್ತಲಿಲ್ಲ.

ಮಗ ಡೈಪರ್ ಬಿಟ್ಟು ಆಗ ಮೂರು ವಾರ ಆಗಿತ್ತು. ಮಕ್ಕಳನ್ನು ಸಾಕಿದವರಿಗೆ ಮುಂದಿನದು ಗೊತ್ತಾಗಿರಬೇಕು. ಹೊರಡುವ ಮುಂಚೆ ಮನೆಯಲ್ಲಿ ಕೂರಿಸಿದ್ದೆ. ಅಲ್ಲಿಗೆ ಹೋದ ಮೇಲೂ ಕೇಳಿದ್ದೆ. ಬೇಡ ಅಂದ. ನಲವತ್ತು ನಿಮಿಷ ನಿಂತು, ನಮ್ಮ ಮುಂದೆ ಮೂರೇ ಮೂರು ಕುಟುಂಬ ಉಳಿದಿದ್ದಾಗ ನನ್ನ ಕೋಟು ಎಳೆದು, ‘ಅಮ್ಮಾ, ಸುಸ್ಸು’ ಅಂದ.

ಹಸಿರು ಟೋಪಿ ಹಾಕಿಕೊಂಡಿದ್ದ ಹುಡುಗಿಯನ್ನು ಕೇಳಿದೆ. ಪಾಪ, ಕಾಲೇಜಿನ ಹುಡುಗಿ ಇರಬೇಕು. ಟಾಯ್ಲೆಟ್ ಕೆಫೆಯ ಪಕ್ಕ ಇದೆ, ಆದರೆ ಹೊರಗೆ ಹೋದರೆ ಮತ್ತೆ ಕೊನೆಯಿಂದ ಬರಬೇಕು ಅಂದಳು. ಕೆಫೆ ಇದ್ದದ್ದು ಅಂಗಡಿಯ ಇನ್ನೊಂದು ತುದಿಯಲ್ಲಿ. ಟೆಂಟಿಗೆ ಬೇರೆ ಬಾಗಿಲಿಲ್ಲ. ನಮ್ಮನೆಯವರು ಮಗನನ್ನು ಎತ್ತಿಕೊಂಡು ಇಡೀ ಕ್ಯೂ ಸೀಳಿಕೊಂಡು ಹಿಂದಕ್ಕೆ ಹೊರಟರು. ಸಾರಿ, ಸಾರಿ, ಸಾರಿ ಅನ್ನುತ್ತಾ ಹೋದದ್ದು ನನಗೆ ತುಂಬಾ ಹೊತ್ತು ಕೇಳಿಸುತ್ತಿತ್ತು. ಅಲ್ಲಿ ಹೋಗಿ ಜಿಪ್ ಎಳೆದರೆ ಒಳಗಿನ ಸ್ವೆಟರ್‌ಗೆ ಸಿಕ್ಕಿಹಾಕಿಕೊಂಡಿತಂತೆ.

ಅಷ್ಟರಲ್ಲಿ ನಮ್ಮ ಸರದಿ ಬಂತು. ಐದು ನಿಮಿಷ ಕಾಯಿರಿ ಅಂದೆ. ಆಗಲ್ಲ ಅಂದರು, ಹಿಂದೆ ಅಷ್ಟು ಜನ ನಿಂತಿದ್ದರು. ಅವರದ್ದೂ ತಪ್ಪಿಲ್ಲ ಅನ್ನಿ. ನಾನು, ಮಗಳು ಒಳಗೆ ಹೋದೆವು. ಸಾಂಟಾ ನಿಜವಾಗಿಯೂ ಒಳ್ಳೆಯ ಮನುಷ್ಯ. ಏನು ಬೇಕು ಅಂತ ಕೇಳಿದ. ಮಗಳು, ‘ನನ್ನ ತಮ್ಮ ಸುಸ್ಸು ಮಾಡಲು ಹೋಗಿದ್ದಾನೆ’ ಅಂದಳು. ಅವನಿಗೂ ಒಂದು ಪೊಟ್ಟಣ ಕೊಟ್ಟು ಕಳಿಸಿದ. ಒಟ್ಟು ಎರಡು ನಿಮಿಷ. ಹೊರಗೆ ಬಂದರೆ ಮಗ ಒದ್ದೆ ಪ್ಯಾಂಟಿನಲ್ಲಿ, ಅಪ್ಪನ ಕೋಟಿನೊಳಗೆ. 36 ಪೌಂಡ್ ಕೊಟ್ಟು ಅವನು ಕಂಡದ್ದು ಕರಡಿಯನ್ನು ಮಾತ್ರ.

ಕಾರಿನಲ್ಲಿ ಅವನು ಅಳಲಿಲ್ಲ. ಸುಮ್ನೆ ಕಿಟಕಿ ನೋಡುತ್ತಾ, ‘ಸಾಂಟಾ ಹೋದ್ನಾ?’ ಅಂತ ಕೇಳಿದ. ಮರುದಿನವೂ ಕೇಳಿದ. ಅತ್ತಿದ್ದರೇ ವಾಸಿಯಿತ್ತು.

ಈಗ ಬೀದಿಯ ಸಾಂಟಾ ಬಗ್ಗೆ. ಇಲ್ಲಿನ ಎಷ್ಟೋ ಊರುಗಳಲ್ಲಿ ರೋಟರಿ ಕ್ಲಬ್‌ನವರು, ಇಲ್ಲವೇ ರೌಂಡ್ ಟೇಬಲ್ ಎಂಬ ಸಂಘದವರು ಡಿಸೆಂಬರ್ ಸಂಜೆ ಒಂದು ಗಾಡಿ ಹೊರಡಿಸುತ್ತಾರೆ. ಟ್ರೇಲರ್ ಮೇಲೆ ಜಾರುಬಂಡಿಯ ಥರ ಕಟ್ಟಿ, ಅದಕ್ಕೆ ದೀಪದ ಸರ ಸುತ್ತಿ, ಸ್ಪೀಕರ್‌ನಲ್ಲಿ ಹಾಡು ಹಾಕಿ, ಸಾಂಟಾನನ್ನು ಕೂರಿಸಿ ಕಾರಿನಿಂದ ಎಳೆಸುತ್ತಾರೆ. ಒಂದೊಂದು ಸಂಜೆ ಒಂದೊಂದು ಬಡಾವಣೆ. ಜೊತೆಗೆ ನಡೆಯುವವರ ಕೈಯಲ್ಲಿ ಬಕೆಟ್. ಮನಸ್ಸಿಗೆ ಬಂದಷ್ಟು ಹಾಕಬಹುದು. ಕೂಡಿದ ದುಡ್ಡು ದಾನಧರ್ಮಕ್ಕೆ. ನಾನು ಇಷ್ಟು ವರ್ಷ ಇಲ್ಲಿದ್ದರೂ ಇದರ ಸುದ್ದಿಯೇ ಗೊತ್ತಿರಲಿಲ್ಲ.

ಆ ಗಾರ್ಡನ್ ಸೆಂಟರ್ ರಗಳೆಯಾಗಿ ನಾಲ್ಕು ದಿನ ಆಗಿತ್ತು. ಬುಧವಾರ, ಸಂಜೆ ಆರೂವರೆ. ಇಲ್ಲಿ ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಕತ್ತಲು, ಹಾಗಾಗಿ ನಮಗದು ರಾತ್ರಿಯೇ. ಕುಕ್ಕರ್ ಎರಡು ಸಲ ಕೂಗಿತ್ತು. ಹೊರಗೆ ಏನೋ ಹಾಡು. ಐಸ್‌ಕ್ರೀಮ್ ವ್ಯಾನ್ ಇರಬೇಕು, ಈ ಚಳಿಯಲ್ಲಿ ಯಾರಪ್ಪಾ ಅಂದುಕೊಂಡು ಪರದೆ ಸರಿಸಿದರೆ ಬೀದಿ ತುಂಬಾ ಬೆಳಕು. ಒಲೆ ಆರಿಸಿ, ಮಗನನ್ನು ರಾತ್ರಿ ಉಡುಪಿನಲ್ಲೇ ಸೊಂಟಕ್ಕೆ ಹಾಕಿಕೊಂಡು, ಮನೆ ಚಪ್ಪಲಿಯಲ್ಲೇ ಓಡಿದೆ. ಅಕ್ಕಪಕ್ಕದವರೆಲ್ಲ ಗೇಟಿನ ಹತ್ತಿರ ಬಂದಿದ್ದರು. ಎದುರು ಮನೆಯ ವೃದ್ಧರು ವರ್ಷವಿಡೀ ಕಸದ ಡಬ್ಬಿ ವಿಷಯ ಬಿಟ್ಟು ಬೇರೆ ಮಾತಾಡಿದವರಲ್ಲ. ಅವತ್ತು ಅವರೂ ಬಂದು ಕೈ ಬೀಸುತ್ತಿದ್ದರು.

ಗಾಡಿ ನಮ್ಮ ಮುಂದೆ ಒಂದು ನಿಮಿಷ ನಿಂತಿತು. ಸಾಂಟಾ ಬಗ್ಗಿ, ‘ಹಲೋ ಯಂಗ್ ಮ್ಯಾನ್’ ಅಂದ. ಮಗ ಏನೂ ಮಾತಾಡಲಿಲ್ಲ. ನನ್ನ ಕತ್ತು ಬಿಗಿಯಾಗಿ ಹಿಡಿದುಕೊಂಡಿದ್ದ, ಆದರೆ ಕಣ್ಣು ಕೀಳಲಿಲ್ಲ. ಗಾಡಿ ತಿರುವು ದಾಟಿದ ಮೇಲೆ, ‘ಸಾಂಟಾ ನಮ್ಮನೆಗೇ ಬಂದ’ ಅಂದ. ಆಮೇಲೆ ‘ಸಾಂಟಾ ಹೋದ್ನಾ?’ ಅಂತ ಕೇಳುವುದು ನಿಂತಿತು.

ಇದರಲ್ಲೂ ಕೊರತೆ ಇದೆ. ಉಡುಗೊರೆ ಇಲ್ಲ. ಮಗುವಿಗೆ ಮಾತಾಡಲು ಸಮಯ ಸಿಗುವುದಿಲ್ಲ. ಫೋಟೊ ತೆಗೆದರೆ ದೀಪದ ಗೆರೆಗಳು ಮಾತ್ರ ಬರುತ್ತವೆ. ಮಳೆ ಜೋರಾದರೆ ಬೇರೆ ದಿನಕ್ಕೆ ಮುಂದಕ್ಕೆ ಹಾಕುತ್ತಾರೆ. ನಮ್ಮ ಕಡೆ ಗಾಡಿ ಎಲ್ಲಿದೆ ಅಂತ ಫೋನಿನ ನಕ್ಷೆಯಲ್ಲಿ ನೋಡಬಹುದು. ಕಳೆದ ಸಲ ಮಗಳು ಒಂದು ಗಂಟೆ ಆ ಚುಕ್ಕಿಯನ್ನೇ ನೋಡುತ್ತಾ ಊಟ ಬಿಟ್ಟಳು. ಕೆಲವರು ಮಕ್ಕಳಿಗೆ ಮಿಠಾಯಿ ಹಂಚುತ್ತಾರೆ. ನಮ್ಮಂಥ ಸಸ್ಯಾಹಾರಿಗಳು ಪೊಟ್ಟಣದ ಹಿಂದೆ ಓದಿ ಕೊಡಬೇಕು, ಮೆತ್ತಗಿರುವ ಜೆಲ್ಲಿ ಮಿಠಾಯಿಯಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರುವುದು ಜಾಸ್ತಿ.

ಕೊನೆಯದು ಉಗಿಬಂಡಿ, 2024ರಲ್ಲಿ. ಇದು ನಮ್ಮನೆಯವರ ಆಯ್ಕೆ. ಬ್ರಿಟಿಷ್ ರೈಲ್ವೆ 1968ರಲ್ಲಿ ಮುಖ್ಯ ಲೈನುಗಳಲ್ಲಿ ಉಗಿ ಎಂಜಿನ್ ನಿಲ್ಲಿಸಿತು. ಆದರೆ ಕೆಲವು ಹಳೆಯ ಲೈನುಗಳನ್ನು ಆಸಕ್ತರೇ ಸೇರಿ ಉಳಿಸಿಕೊಂಡಿದ್ದಾರೆ. ಬ್ಲೂಬೆಲ್, ಸೆವೆರ್ನ್ ವ್ಯಾಲಿ, ವಾಟರ್‌ಕ್ರೆಸ್ ಲೈನ್ ಹೀಗೆ ಹತ್ತಾರಿವೆ. ಡಿಸೆಂಬರ್‌ನಲ್ಲಿ ಇಂಥ ಲೈನುಗಳಲ್ಲಿ ಸಾಂಟಾ ರೈಲು ಓಡುತ್ತದೆ. ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿನಲ್ಲಿ ನಿಂತ ಎಂಜಿನ್ ಹತ್ತಿ ಬೆಳೆದ ಇವರಿಗೆ ಓಡುವ ಎಂಜಿನ್ ಕಂಡರೆ ಹೇಳಬೇಕಾ? ಮಕ್ಕಳಿಗಿಂತ ಮೊದಲು ಇವರೇ ಪ್ಲಾಟ್‌ಫಾರ್ಮಿನ ತುದಿಗೆ ಓಡಿದರು.

ನ್ಯಾಯವಾಗಿ ಹೇಳಬೇಕೆಂದರೆ ದುಡ್ಡು ಕೊಟ್ಟು ನೋಡಿದ್ದರಲ್ಲಿ ಇದೇ ಬೆಸ್ಟ್. ಕ್ಯೂ ಇಲ್ಲ. ನಾವು ನಮ್ಮ ಸೀಟಿನಲ್ಲಿ ಕೂತಿದ್ದರೆ ಸಾಂಟಾನೇ ಬೋಗಿಯಿಂದ ಬೋಗಿಗೆ ಬರುತ್ತಾನೆ. ಕೋಟು ಬಿಚ್ಚಿಡಲು ಜಾಗವಿದೆ. ಎಲ್ಲಕ್ಕಿಂತ ಮುಖ್ಯ, ಬೋಗಿಯಲ್ಲೇ ಟಾಯ್ಲೆಟ್ ಇದೆ. ದೊಡ್ಡವರಿಗೆ ಮಿನ್ಸ್ ಪೈ ಕೊಟ್ಟರು. ಹೆಸರು ಕೇಳಿ ಇವರು ಪಕ್ಕಕ್ಕಿಟ್ಟರು. ಒಳಗಿರುವುದು ಮಾಂಸ ಅಲ್ಲ, ದ್ರಾಕ್ಷಿ, ಸೇಬು, ಮಸಾಲೆ ಹಾಕಿದ ಹೂರಣ. ಒಂಥರಾ ಅವರ ಕಡುಬು. ಆದರೂ ಅದಕ್ಕೆ ಹಾಕುವ ಸೂಯೆಟ್ ಎಂಬ ಕೊಬ್ಬು ಕೆಲವೊಮ್ಮೆ ದನದ್ದಾಗಿರುತ್ತದೆ. ನಾನು ಡಬ್ಬಿ ತರಿಸಿ ಓದಿಯೇ ತಿಂದೆ.

ಬೆಲೆ ಮಾತ್ರ ಕೇಳಬೇಡಿ. ಕೇಳಿದರೆ, ನಾಲ್ವರಿಗೆ 128 ಪೌಂಡ್. ಒಂದು ವಾರದ ದಿನಸಿ ತಂದು ಇನ್ನೂ ಉಳಿಯುತ್ತಿತ್ತು. ಅದೂ ಸೆಪ್ಟೆಂಬರ್‌ನಲ್ಲೇ ಬುಕ್ ಮಾಡಬೇಕಾಯಿತು. ಡಿಸೆಂಬರ್‌ನಲ್ಲಿ ಯಾವ ಮಗುವಿಗೆ ಜ್ವರ ಬರುತ್ತದೆ ಅಂತ ಸೆಪ್ಟೆಂಬರ್‌ನಲ್ಲಿ ಯಾರಿಗೆ ಗೊತ್ತು?

ರೈಲಿನಲ್ಲಿ ಇನ್ನೊಂದು ತಾಪತ್ರಯವಾಯಿತು. ಮಗಳು ಸಾಂಟಾನನ್ನು ದಿಟ್ಟಿಸಿ ನೋಡಿ, ‘ಹೋದ ವರ್ಷದ ಸಾಂಟಾಗೆ ಕನ್ನಡಕ ಇತ್ತು’ ಅಂದಳು. ಅದೂ ಇಂಗ್ಲಿಷಿನಲ್ಲಿ, ಇಡೀ ಬೋಗಿಗೆ ಕೇಳುವ ಹಾಗೆ. ರಾತ್ರಿ ಸಾಗರಕ್ಕೆ ವಿಡಿಯೊ ಕಾಲ್ ಮಾಡಿದಾಗ ಅಜ್ಜಿಗೂ ಅದನ್ನೇ ಕೇಳಿದಳು, ಯಾವ ಸಾಂಟಾ ನಿಜ ಅಂತ. ನಮ್ಮಮ್ಮನಿಗೆ ಸಾಂಟಾ ಅಷ್ಟಾಗಿ ಗೊತ್ತಿಲ್ಲ. ಆದರೂ ಒಂದು ಕ್ಷಣ ತಡವರಿಸಲಿಲ್ಲ. ‘ಬೀದಿಗೊಂದು ಗಣಪತಿ ಕೂರಿಸ್ತಾರಲ್ಲ ಪುಟ್ಟಿ, ಯಾವ ಗಣಪತಿ ನಿಜ ಅಂತ ಕೇಳ್ತಾರಾ ಯಾರಾದ್ರೂ?’ ಅಂದರು. ಮಗಳು ಅದನ್ನೇ ಕ್ಲಾಸಿನಲ್ಲಿ ಹೇಳಿ ಬಂದಿದ್ದಾಳೆ. ಟೀಚರ್‌ಗೆ ಏನು ಅರ್ಥವಾಯಿತೋ.

ಸಾಂಟಾನ ಊರು ಅನ್ನುವ ಲ್ಯಾಪ್‌ಲ್ಯಾಂಡ್ ನಾವು ನೋಡಿಲ್ಲ. ಫಿನ್‌ಲೆಂಡಿನ ರೊವಾನಿಯೆಮಿಯ ಸಾಂಟಾ ಹಳ್ಳಿಯಲ್ಲಿ ಅವನ ಆಫೀಸಿಗೆ ಹೋಗಿ ಮಾತಾಡಿಸಲು ದುಡ್ಡಿಲ್ಲವಂತೆ, ಫೋಟೊಗೆ ಮಾತ್ರ. ಆದರೆ ನಾಲ್ವರು ವಿಮಾನ ಹತ್ತಿ, ಹೋಟೆಲ್ ಹಿಡಿದು, ಅಲ್ಲಿಯ ಚಳಿಗೆ ಬಟ್ಟೆ ಕೊಂಡು ಹೋಗುವುದಾದರೆ ನಾನು ಸಾಗರಕ್ಕೇ ಹೋಗುತ್ತೇನೆ. ಕಾಗದ ಬರೆಯುವ ಆಸೆ ಇರುವ ಮಕ್ಕಳಿಗೆ ಇಲ್ಲಿಯ ಅಂಚೆಯವರೇ ಸಾಂಟಾ ಹೆಸರಲ್ಲಿ ಉತ್ತರ ಕಳಿಸುತ್ತಾರೆ. ರೈನ್‌ಡಿಯರ್‌ಲ್ಯಾಂಡ್ ಅಂತ ವಿಳಾಸ ಬರೆದು ಅವರು ಹೇಳಿದ ಕೊನೆಯ ದಿನದೊಳಗೇ ಹಾಕಿಬಿಡಬೇಕು. ಖರ್ಚು ಒಂದು ಸ್ಟಾಂಪು.

ಯಾರಾದರೂ ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಮಗುವಿಗೆ ಎರಡು ತುಂಬಿಲ್ಲವಾ? ದುಡ್ಡು ಕೊಟ್ಟು ಎಲ್ಲಿಗೂ ಹೋಗಬೇಡಿ. ಅಜ್ಜ ಅಜ್ಜಿ ಊರಿಂದ ಬಂದಿದ್ದಾರಾ, ಒಂದು ದೊಡ್ಡ ಖರ್ಚಿಗೆ ಮನಸ್ಸಿದೆಯಾ? ರೈಲು ಹಿಡಿಯಿರಿ, ಅವರಿಗೂ ಖುಷಿ. ಫೋಟೊ ಬೇಕೇ ಬೇಕು ಅಂದರೆ ಗಾರ್ಡನ್ ಸೆಂಟರ್, ಆದರೆ ದಿನದ ಮೊದಲ ಸ್ಲಾಟ್ ತಗೊಳ್ಳಿ. ಸಾಂಟಾ ತಡವಾಗುವುದು ಮಧ್ಯಾಹ್ನದ ಮೇಲೆ. ಗದ್ದಲ ಸಹಿಸದ ಮಕ್ಕಳಿಗೆ ಹಾಡು, ದೀಪ ಕಡಿಮೆ ಮಾಡಿ ಬೇರೆ ಹೊತ್ತು ಇಡುವ ಕಡೆಗಳೂ ಇವೆ, ಕೇಳಿ ನೋಡಿ. ಜಿಪ್ ಸೂಟ್ ಮಾತ್ರ ಬೇಡ.

ನಮ್ಮ ಮನೆಯಲ್ಲಿ ಈ ವರ್ಷ ರೈಲಿಗೆ ಬುಕ್ ಮಾಡಿಲ್ಲ. ಇವರಿಗೆ ಸ್ವಲ್ಪ ಬೇಜಾರು. ಮಗನಿಗೆ ಈಗ ಜಿಪ್ ಎಳೆಯಲು ಬರುತ್ತದೆ, ಆದರೂ ಅವನು ದಿನಾ ಕೇಳುತ್ತಿರುವುದು ಗಾಡಿ ನಮ್ಮ ಬೀದಿಗೆ ಯಾವತ್ತು ಬರುತ್ತದೆ ಅಂತ. ತಾರೀಕು ಇನ್ನೂ ಹಾಕಿಲ್ಲ. ಬಕೆಟ್‌ಗೆ ಬೇಕಲ್ಲ ಅಂತ ನಾನು ಖಾಲಿಯಾದ ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಹಾಕುತ್ತಾ ಬಂದಿದ್ದೇನೆ. ನಿನ್ನೆ ಎಣಿಸಿದೆ, 11 ಪೌಂಡ್ 40 ಪೆನ್ಸ್ ಆಗಿದೆ.