ಹಿಮ್ಮಡಿ ಆಪರೇಷನ್ನಿಗೆ ಕೊಂಡ ವಾಕರ್ ಬೂಟು: ಐದಕ್ಕೆ ಮೂರೂವರೆ

24 ವರ್ಷ ಬೋರ್ಡಿನ ಮುಂದೆ ನಿಂತು ಲೆಕ್ಕ ಹೇಳಿಕೊಟ್ಟ ಕಾಲು ನನ್ನದು. ಬಲ ಹಿಮ್ಮಡಿಯ ಹಿಂಭಾಗದಲ್ಲಿ ಮೂಳೆ ಮುಳ್ಳಿನ ಹಾಗೆ ಬೆಳೆದಿತ್ತು. ಮೆತ್ತನೆ ಚಪ್ಪಲಿ, ಸಿಲಿಕೋನ್ ಪ್ಯಾಡ್, ಫಿಸಿಯೋಥೆರಪಿ ಅಂತ ಎಂಟು ತಿಂಗಳು ತಳ್ಳಿದೆ. ಬಹಳ ಜನಕ್ಕೆ ಅಷ್ಟರಲ್ಲೇ ನೋವು ಇಳಿಯುತ್ತದೆ, ನನಗೆ ಇಳಿಯಲಿಲ್ಲ. ಏಪ್ರಿಲ್ ರಜೆಯಲ್ಲಿ ಶಿವಮೊಗ್ಗದಲ್ಲೇ ಆಪರೇಷನ್ ಆಯಿತು.

ಮೀನಖಂಡದಿಂದ ಇಳಿದು ಬರುವ ದಪ್ಪ ಹುರಿಯನ್ನು ಸ್ವಲ್ಪ ಬಿಡಿಸಿ, ಮುಳ್ಳು ಕೆತ್ತಿ ತೆಗೆದು, ಹುರಿಯನ್ನು ಮತ್ತೆ ಮೂಳೆಗೆ ಕೂರಿಸಿದರು. ಅದು ಅಂಟಿಕೊಳ್ಳುವವರೆಗೆ ಎಳೆದಾಡಬಾರದು. ಪಾದ, ಕಣಕಾಲು ಅಲುಗದ ಹಾಗೆ ಹಿಡಿದಿಡುವ ಈ ವಾಕರ್ ಬೂಟು ಬೇಕಾಗುವುದು ಅದಕ್ಕೇ. ಒಳಗೆ ಹಿಮ್ಮಡಿ ಕೆಳಗೆ ಮೂರು ಬೆಣೆ ಇರುತ್ತವೆ, ಪಾದ ಕೆಳಮುಖವಾಗಿ ನಿಲ್ಲುತ್ತದೆ. ಡಾಕ್ಟರು ಹೇಳಿದ ಹಾಗೆ ಒಂದೊಂದೇ ಬೆಣೆ ತೆಗೆಯುತ್ತಾ ಹೋಗಬೇಕು.

ಎರಡು ವಾರಕ್ಕೆ ಹೊಲಿಗೆ ಬಿಚ್ಚಿದರು. ಅವತ್ತೇ ಬೂಟು ಹಾಕಿದೆ. ಆನ್‌ಲೈನ್‌ನಲ್ಲಿ 3,400 ರೂಪಾಯಿ. ಹಿಡಿತಕ್ಕೆ ಪೂರ್ತಿ ಅಂಕ ಕೊಡುತ್ತೇನೆ, ಕಾಲು ಒಂದಿಷ್ಟೂ ಅಲುಗಾಡಲಿಲ್ಲ. ಆದರೆ ವೆಲ್ಕ್ರೋ! ನೈಟಿ ಅಂಚು, ಸೀರೆ ನೆರಿಗೆ, ಬೆಡ್‌ಶೀಟು, ಯಾವುದನ್ನೂ ಬಿಡುವುದಿಲ್ಲ. ಒಳಗಿನ ಸ್ಪಂಜಿನ ಬಟ್ಟೆ ಒಂದೇ ಕೊಟ್ಟಿದ್ದಾರೆ. ಮೇ ಸೆಕೆಗೆ ಬೆವರು ವಾಸನೆ ಬಂತು ಅಂತ ಒಗೆದರೆ, ಒಣಗುವವರೆಗೆ ಮಂಚ ಬಿಟ್ಟು ಇಳಿಯುವ ಹಾಗಿಲ್ಲ. ಇನ್ನೊಂದು ಕೊಟ್ಟಿದ್ದರೆ ಗಂಟೇನು ಹೋಗುತ್ತಿತ್ತು?

ದೊಡ್ಡ ತೊಂದರೆ ಎಡಗಾಲಿನದು. ಬೂಟಿನ ಸೋಲ್ ದಪ್ಪ, ಮೇಲೆ ಬೆಣೆ ಬೇರೆ. ಒಂದು ಕಾಲು ಎತ್ತರ, ಒಂದು ತಗ್ಗು. ನಾಲ್ಕೇ ದಿನಕ್ಕೆ ಸೊಂಟ ಹಿಡಿದುಕೊಂಡಿತು. ಡಬ್ಬದ ಮೇಲೆ ಇದರ ಬಗ್ಗೆ ಒಂದಕ್ಷರ ಇಲ್ಲ. ಕೊನೆಗೆ ನಮ್ಮನೆಯವರು ನನ್ನ ಎಡ ಚಪ್ಪಲಿ ತಗೊಂಡು ಹೋಗಿ, ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರಿಂದ ಎರಡು ಪದರ ಸೋಲ್ ಅಂಟಿಸಿಕೊಂಡು ಬಂದರು. 80 ರೂಪಾಯಿ. ಸೊಂಟ ಸರಿಹೋಯಿತು.

ಆಪರೇಷನ್ನಿಗೆ ಮೊದಲಿನ ವಾರ ಮಾಡಿಕೊಂಡ ತಯಾರಿ ಬೂಟಿಗಿಂತ ಜಾಸ್ತಿ ಉಪಯೋಗಕ್ಕೆ ಬಂತು. ನಮ್ಮದು ಇಂಡಿಯನ್ ಟಾಯ್ಲೆಟ್, ಒಂಟಿ ಕಾಲಲ್ಲಿ ಕೂರುವ ಮಾತೇ ಇಲ್ಲ. ಅದಕ್ಕೆ ಕಮೋಡ್ ಕುರ್ಚಿ ಬಾಡಿಗೆಗೆ ತಂದೆವು. ಕಾಲೊರಸುಗಳನ್ನೆಲ್ಲ ಎತ್ತಿಟ್ಟು, ಮಂಚದಿಂದ ಬಚ್ಚಲಿಗೆ ಕೈಯಲ್ಲಿ ಹಿಡಿಯುವ ವಾಕರ್ ಸ್ಟ್ಯಾಂಡ್ ಊರಿಕೊಂಡು ಒಂದೇ ಕಾಲಲ್ಲಿ ಕುಪ್ಪಳಿಸಿ ಅಭ್ಯಾಸ ಮಾಡಿದೆ. ಮಗ ವಿಡಿಯೋ ಮಾಡಿಕೊಂಡು ನಕ್ಕಿದ್ದೇ ನಕ್ಕಿದ್ದು. ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಪಟ್ಟಿ ನೆನೆಯದ ಹಾಗೆ ಕಾಲಿಗೆ ಪ್ಲಾಸ್ಟಿಕ್ ಕವರು. ದಿನವಿಡೀ ಎರಡು ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದ ನನಗೆ ಹೊತ್ತು ಹೊತ್ತಿಗೆ ಬಿಸಿ ಸಾರನ್ನ ತಂದು ಕೊಡುತ್ತಾ ನಮ್ಮತ್ತೆ, "ಏನೇ, ಇನ್ನೊಂದು ಬಾಣಂತನ ಮಾಡಿಸ್ಕೊತಾ ಇದ್ದೀಯಲ್ಲ" ಅಂದರು.

ಒಂದು ಮಾತು ಮಾತ್ರ ತಮಾಷೆಯಲ್ಲ. ಮೀನಖಂಡ ಊದಿ ನೋವು ಬಂದರೆ ಬೂಟು ಬಿಗಿ ಇರಬೇಕು ಅಂತ ಸುಮ್ನೆ ಕೂರಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಆಗಲೇ ಆಸ್ಪತ್ರೆಗೆ ಹೋಗಿ.

ಈಗ ಐದನೇ ತಿಂಗಳು. ಕೊನೇ ಪೀರಿಯಡ್ ಹೊತ್ತಿಗೆ ಹಿಮ್ಮಡಿ ಇನ್ನೂ ಊದುತ್ತದೆ. ಪೂರ್ತಿ ಸರಿಹೋಗಲು ವರ್ಷವೂ ಆಗಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಬೂಟು ಅಟ್ಟ ಸೇರಿದೆ. ದಪ್ಪ ಸೋಲಿನ ಎಡ ಚಪ್ಪಲಿಯೂ ಅದರ ಪಕ್ಕದಲ್ಲೇ ಇದೆ.